'ಪರ್ಷಿಯಾದ ಪುರಾತನ ಕಡಗ' ಅಂತ ಯಾರಾದ್ರೂ ಚಿನ್ನ ತೋರಿಸಿದ್ರೆ ದುಡ್ಡು ಕೊಡ್ಬೇಡಿ

ದುಬೈ, ಶಾರ್ಜಾ ಕಡೆ ಇರೋ ನಮ್ಮವರು ದಯವಿಟ್ಟು ಇದನ್ನ ಪೂರ್ತಿ ಓದಿ. ಎರಡೂ ತುದೀಲಿ ಸಿಂಹದ ತಲೆ ಇರೋ ಒಂದು ಚಿನ್ನದ ಕಡಗನ ಪರ್ಷಿಯಾ (ಈಗಿನ ಇರಾನ್) ಆಳಿದ ಅಖೆಮೆನಿಡ್ ರಾಜರ ಕಾಲದ್ದು, 2500 ವರ್ಷ ಹಳೇದು ಅಂತ ಹೇಳಿ ನಮ್ಮ ಭಾವಂಗೆ ಒಬ್ಬ ಮಾರಿದ್ದಾನೆ, ಅದೂ ಚಿನ್ನದ ರೇಟಿಗಿಂತ ಎಷ್ಟೋ ಪಟ್ಟು ಜಾಸ್ತಿಗೆ. ಜೊತೆಗೆ ಲ್ಯಾಬ್ ಸರ್ಟಿಫಿಕೇಟ್ ಬೇರೆ. ಆ ಪೇಪರ್ ನಾನೇ ಓದಿದೆ, ಅದ್ರಲ್ಲಿ ಇರೋದು ತೂಕ ಮತ್ತೆ 22 ಕ್ಯಾರೆಟ್ ಅನ್ನೋದು ಅಷ್ಟೇ, ಎಷ್ಟು ಹಳೇದು ಅನ್ನೋದರ ಬಗ್ಗೆ ಒಂದಕ್ಷರ ಇಲ್ಲ. ಚಿನ್ನಕ್ಕೆ ಕಾರ್ಬನ್ ಡೇಟಿಂಗ್ ನಡೆಯೋದೂ ಇಲ್ಲ.

ಮಾರಿದವನು ಹೇಳಿದ ಕಥೆ ಆಕ್ಸಸ್ ನಿಧೀದು, ಅಂದ್ರೆ ಮಧ್ಯ ಏಷ್ಯಾದ ಆಕ್ಸಸ್ (ಅಮು ದರ್ಯಾ) ನದಿ ಹತ್ತಿರ ಸಿಕ್ಕ ಆ ರಾಜರ ಕಾಲದ ಚಿನ್ನ ಬೆಳ್ಳಿ. 1880ರಲ್ಲಿ ಕಾಬೂಲ್-ಪೇಶಾವರ ದಾರೀಲಿ ಆ ನಿಧಿ ತಗೊಂಡು ಹೋಗ್ತಿದ್ದ ವ್ಯಾಪಾರಿಗಳನ್ನ ಡಕಾಯಿತರು ಹಿಡಿದಿದ್ದು, ಆಮೇಲೆ ಒಡವೆಗಳು ರಾವಲ್ಪಿಂಡಿಯಲ್ಲಿ ಮಾರಾಟ ಆಗಿದ್ದು ಎಲ್ಲಾ ನಿಜಾನೇ, ಅದಕ್ಕೇ ಕೇಳಿದವರು ನಂಬ್ತಾರೆ. ಆದ್ರೆ ಅದರ ಬಹುಪಾಲು 1897ರಿಂದ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಕೊಂಬಿನ ಗ್ರಿಫಿನ್ (ಹದ್ದು, ಸಿಂಹ ಸೇರಿದ ಕಾಲ್ಪನಿಕ ಪ್ರಾಣಿ) ತಲೆಯ ಆ ಹೆಸರಾಂತ ಕಡಗ ಸಮೇತ.

ಅಕ್ಕ ಭಾವನ ಕಡಗನ ಪರಿಚಯದ ಆಚಾರ್ರಿಗೆ ತೋರಿಸಿದ್ಲು. ಅವರು ಲೆನ್ಸ್ ಇಟ್ಟು ಮೊದಲು ತೋರಿಸಿದ್ದೇ ಎರಡೂ ಸಿಂಹದ ಮೂಗಿನ ಪಕ್ಕ, ಒಂದೇ ಜಾಗದಲ್ಲಿ, ಒಂದೇ ಥರ ಇದ್ದ ಸಣ್ಣ ಗುಳಿ. ಒಂದೇ ಅಚ್ಚಲ್ಲಿ ಎರಡು ತಲೆ ಎರಕ ಹೊಯ್ದಿದ್ದಾರೆ. ಕುತ್ತಿಗೆ ಸುತ್ತ ಇರೋ ಕಂಬಿ ಮೇಲೆ ಉದ್ದಕ್ಕೂ ನೇರ ಗೆರೆಗಳು, ಅಂದ್ರೆ ತಗಡಿನ ತೂತಿನ ಮೂಲಕ ಎಳೆದ ಕಂಬಿ, ಆ ಕಾಲದವರು ತೆಳು ಪಟ್ಟಿ ತಿರುಚಿ ಉರುಳಿಸಿ ಕಂಬಿ ಮಾಡ್ತಿದ್ರು, ಅದ್ರಲ್ಲಿ ಗೆರೆ ಸುರುಳಿಯಾಗಿ ಸುತ್ತಿರುತ್ತೆ. ಕೊನೆಗೆ ಮಷೀನಲ್ಲಿ ಬೆಸುಗೆ ಟೆಸ್ಟ್ ಮಾಡಿದ್ರೆ ಕ್ಯಾಡ್ಮಿಯಂ! ಆ ಲೋಹ ಕಂಡುಹಿಡಿದಿದ್ದೇ 1817ರಲ್ಲಿ.

1901ರಲ್ಲಿ ಇರಾನಿನ ಸೂಸಾದಲ್ಲಿ ಫ್ರೆಂಚರು ಅಗೆದಾಗ ಕಂಚಿನ ಶವಪೆಟ್ಟಿಗೆಯಲ್ಲಿ ಸಿಂಹದ ತಲೆಯ ಕಡಗ, ಕಂಠಾಭರಣ ಸಿಕ್ಕಿದ್ವು, ಈಗ ಲೂವ್ರ್‌ನಲ್ಲಿವೆ. ಫೋಟೋ ನೋಡಿ, ಚಿನ್ನದಲ್ಲೇ ಪುಟ್ಟ ಪುಟ್ಟ ಮನೆ ಕಟ್ಟಿ ಒಂದೊಂದರಲ್ಲೂ ಲ್ಯಾಪಿಸ್ ಲಾಜುಲಿ ಅನ್ನೋ ಕಡುನೀಲಿ ಕಲ್ಲು, ಫಿರೋಜಾ ಕಲ್ಲು ಕೂರಿಸಿದ್ದಾರೆ, ಎಂಥಾ ಕೈಗಳಪ್ಪ ಅವು! ಭಾವನ ಕಡಗದಲ್ಲಿ ಕಲ್ಲಿನ ಜಾಗದಲ್ಲಿ ನೀಲಿ ಎನಾಮಲ್ ಬಳಿದಿದ್ದಾರೆ.

"ನಮಗೆ ಅಸಲಿಯೇ ಸಿಕ್ಕಿದ್ರೆ?" ಅಂತ ಕೇಳ್ಬೇಡಿ. ಇರಾನಲ್ಲಿ ಪುರಾತನ ವಸ್ತುಗಳಿಗೆ 1930ರಿಂದ ಕಾನೂನಿದೆ, ಹೀಗೆ ದಾಖಲೆ ಇಲ್ಲದೆ ಹೊರಗೆ ಬಂದಿದ್ದು ಬಹುತೇಕ ಕಳ್ಳಮಾಲೇ. ಟರ್ಕಿಯ ಉಷಾಕ್ ಮ್ಯೂಸಿಯಂನಲ್ಲಿ ಪರ್ಷಿಯನ್ನರ ಆಳ್ವಿಕೆ ಕಾಲದ, ರೆಕ್ಕೆ ಇರೋ ಸಮುದ್ರಕುದುರೆಯ ಚಿನ್ನದ ಬ್ರೂಚ್ ಇತ್ತು, 2006ರಲ್ಲಿ ನೋಡಿದ್ರೆ ಗಾಜಿನ ಪೆಟ್ಟಿಗೆಯೊಳಗೆ ನಕಲಿ, ಅಸಲಿ ಕಳವಾಗಿತ್ತು! ಆ ಕೇಸಲ್ಲಿ ಮ್ಯೂಸಿಯಂ ಡೈರೆಕ್ಟರಿಗೇ ಜೈಲಾಯ್ತು.

ಮಾರಿದವನು "ಆಂಟಿಕ್‌ಗೆ ರಿಟರ್ನ್ ಇಲ್ಲ" ಅಂದು ಭಾವನ ನಂಬರ್ ಬ್ಲಾಕ್ ಮಾಡಿದ್ದಾನೆ, ಪೊಲೀಸ್ ಕಂಪ್ಲೇಂಟ್ ಕೊಟ್ಟಿದೀವಿ. ಮೊನ್ನೆ ಅದೇ ಥರದ ಇನ್ನೊಂದು ಕಡಗದ ಫೋಟೋ ವಾಟ್ಸ್ಯಾಪ್ ಗ್ರೂಪಲ್ಲಿ ಬಂತು, ಮೂಗಿನ ಪಕ್ಕ ಅದೇ ಗುಳಿ. ನಿಮಗೂ ಬಂದಿದ್ರೆ ಸ್ಕ್ರೀನ್‌ಶಾಟ್ ಇಟ್ಕೊಂಡು ನನಗೆ ಮೆಸೇಜ್ ಮಾಡಿ, ಕಂಪ್ಲೇಂಟಿಗೆ ಸೇರಿಸ್ತೀವಿ.