ನಾಲ್ಕು ವರ್ಷ, ಏಳ್ನೂರು ಪಿನ್ನು: ಡಿಎಂಸಿ ಎಎಫ್‌ಎಂ8 ಕ್ರಿಂಪರ್

ಟೆಕ್ಸಸ್‌ನ ನಮ್ಮ ಮನೆ ಗ್ಯಾರೇಜಿನಲ್ಲಿ ಆರ್‌ವಿ-7 ಅನ್ನುವ, ಕಿಟ್ ತಂದು ನಾವೇ ಜೋಡಿಸುವ ಪುಟ್ಟ ವಿಮಾನ ಕಟ್ಟಲು ಶುರು ಮಾಡಿದಾಗ ನನಗೆ ಭಯ ಇದ್ದದ್ದು ರಿವೆಟ್ ಕೆಲಸದ್ದು. ಸಾವಿರಾರು ರಿವೆಟ್ ಹೊಡೆದೆ, ರೆಕ್ಕೆ ಮುಗಿಯಿತು, ಏನೂ ತೊಂದರೆ ಆಗಲಿಲ್ಲ. ನಿದ್ದೆ ಕೆಡಿಸಿದ್ದು ಎರಡು ಅಕ್ಕಿಕಾಳು ಉದ್ದದ ಪಿನ್ನು.

ಹಳೇ ಕಂಪ್ಯೂಟರಿನ ಹಿಂದೆ ಪ್ರಿಂಟರ್ ಸಿಕ್ಕಿಸುತ್ತಿದ್ದೆವಲ್ಲ, 25 ಪಿನ್ನಿನ ಡಿ-ಸಬ್ ಕನೆಕ್ಟರ್? ವಿಮಾನದ ರೇಡಿಯೊ, ಡಿಸ್‌ಪ್ಲೇ, ಎಂಜಿನ್ ಮಾನಿಟರ್ ಎಲ್ಲದರ ಬೆನ್ನಿಗೂ ಅದೇ ಜಾತಿಯ ಕನೆಕ್ಟರ್. ಪ್ರತಿ ವೈರಿನ ತುದಿಗೆ ಚಿನ್ನದ ಲೇಪದ ಒಂದು ಪಿನ್ನು ಕೂರಿಸಿ ಕ್ರಿಂಪ್ ಮಾಡಬೇಕು, ಅಂದರೆ ವೈರು ಕಚ್ಚಿಕೊಳ್ಳುವಂತೆ ಪಿನ್ನನ್ನು ಇಕ್ಕಳದಂಥ ಟೂಲಿನಿಂದ ಒತ್ತಬೇಕು. ಆ ಟೂಲೇ ಕ್ರಿಂಪರ್. ವಿಡಿಯೊ ಕಾಲ್‌ನಲ್ಲಿ ಇದನ್ನು ನೋಡಿದ ಅಮ್ಮ, "ಏನೋ ಅದು, ಮಣಿ ಪೋಣಿಸ್ತಾ ಕೂತಿದ್ದೀಯಾ?" ಅಂದರು. ಹೆಚ್ಚುಕಮ್ಮಿ ಅದೇ ಕೆಲಸ.

ಬೆಸುಗೆ ಹಾಕಬಾರದಾ ಅಂತ ಕೇಳುವವರಿದ್ದಾರೆ. ಹಾಕಬಹುದು. ಆದರೆ ಕರಗಿದ ಬೆಸುಗೆ ಲೋಹ ವೈರಿನ ಎಳೆಗಳ ನಡುವೆ ಮೇಲಕ್ಕೆ ಹತ್ತುತ್ತದೆ. ಅಷ್ಟು ಭಾಗ ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ. ಎಂಜಿನ್ ನಡುಗಿದಾಗ ಆ ಕಡ್ಡಿ ಮುಗಿಯುವ ಜಾಗದಲ್ಲೇ ವೈರು ಮುರಿಯುತ್ತದೆ. ಆಸರೆ ಕೊಟ್ಟು ಬಿಗಿದರೆ ತಡೆಯುತ್ತದೆ ನಿಜ, ಆದರೆ ಪ್ಯಾನಲ್ ಹಿಂದೆ ತಲೆಕೆಳಗಾಗಿ ಮಲಗಿ ಬೆಸುಗೆ ಹಾಕುವ ತಾಳ್ಮೆ ನನಗಿಲ್ಲ.

ಮೊದಲು ಆನ್‌ಲೈನಿನಲ್ಲಿ ಸಿಕ್ಕ ಅಗ್ಗದ ಕ್ರಿಂಪರ್ ಒಂದನ್ನು ತಂದೆ. ಹೆಸರು ಬೇಡ. ಪಿನ್ನು ಎಷ್ಟು ಆಳ ಕೂರಬೇಕು ಅನ್ನುವುದನ್ನು ಅದರಲ್ಲಿ ಒಂದು ಸಣ್ಣ ಸ್ಕ್ರೂ ನಿರ್ಧರಿಸುತ್ತದೆ. ಹತ್ತಿಪ್ಪತ್ತು ಪಿನ್ನು ಆಗುವಷ್ಟರಲ್ಲಿ ಆ ಸ್ಕ್ರೂ ಸಡಿಲ. ಒತ್ತು ಬೀಳಬೇಕಾದ ಜಾಗ ಬಿಟ್ಟು ಪಿನ್ನಿನ ಬಾಯಿ ಹತ್ತಿರ ಬಿತ್ತು, ಹೊಟ್ಟೆ ಉಬ್ಬಿತು. ಉಬ್ಬಿದ ಪಿನ್ನು ಕನೆಕ್ಟರಿನ ತೂತಿಗೆ ಇಳಿಯಲೇ ಇಲ್ಲ.

ಆಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಡಿಎಂಸಿ ಕಂಪನಿಯ ಎಎಫ್‌ಎಂ8 ಕೊಂಡೆ. ಮಿಲಿಟರಿ ನಂಬರಿನಲ್ಲಿ ಎಂ22520/2-01 ಅಂತ ಹುಡುಕಿದರೂ ಸಿಗುತ್ತದೆ. ಹೊಸದಕ್ಕೆ ನೂರಾರು ಡಾಲರ್. ಪಿನ್ನನ್ನು ಸರಿಯಾದ ಆಳದಲ್ಲಿ ಹಿಡಿದಿಡುವ ತುಂಡಿಗೆ ಪೊಸಿಷನರ್ ಅನ್ನುತ್ತಾರೆ. ಅದು ಟೂಲಿನ ಜೊತೆ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಸಾಧಾರಣ ಡಿ-ಸಬ್ ಪಿನ್ನಿಗೆ ಕೆ13-1, ಒತ್ತೊತ್ತಾಗಿರುವ ಹೈ-ಡೆನ್ಸಿಟಿ ಕನೆಕ್ಟರಿನ ಪಿನ್ನಿಗೆ ಕೆ42. ಈ ಮಾತು ಗೊತ್ತಿಲ್ಲದೆ ನಾನು ಟೂಲು ಕೈಗೆ ಬಂದ ಮೇಲೂ ಒಂದು ವಾರ ಸುಮ್ನೆ ಕೂತಿದ್ದೆ.

ಕೆಲಸ ಹೀಗೆ. ಹಿಡಿಯನ್ನು ಪೂರ್ತಿ ತೆರೆದು ಪೊಸಿಷನರ್ ಇಟ್ಟು ಕಾಲು ಸುತ್ತು ತಿರುಗಿಸಿದರೆ ಲಾಕ್. ಎಷ್ಟು ಆಳ ಒತ್ತಬೇಕು ಅನ್ನುವುದನ್ನು ಟೂಲಿನ ಸೆಲೆಕ್ಟರ್ ಬಿರಡೆ ನಿರ್ಧರಿಸುತ್ತದೆ. ಯಾವ ಗೇಜ್ ವೈರಿಗೆ ಅದನ್ನು ಎಷ್ಟಕ್ಕೆ ಇಡಬೇಕು ಅಂತ ಪೊಸಿಷನರ್ ಮೇಲೇ ಬರೆದಿದೆ. ಗೇಜ್ ಅಂದರೆ ವೈರಿನ ದಪ್ಪದ ಅಳತೆ, ನಂಬರು ಹೆಚ್ಚಾದಷ್ಟೂ ವೈರು ಸಣ್ಣ. ನಾನು ಹೆಚ್ಚಾಗಿ ಬಳಸುವುದು 22 ಗೇಜಿನ, ಟೆಫ್‌ಜೆಲ್ ಅನ್ನುವ ಪ್ಲಾಸ್ಟಿಕ್ ಹೊದಿಕೆಯ ವೈರು. ಒಳಗೆ 19 ಎಳೆ. ತುದಿ ಸುಲಿಯುವಾಗ ಒಂದು ಎಳೆ ಕತ್ತರಿಸಿದರೂ ಆ ತುದಿ ಕಿತ್ತುಹಾಕಿ ಮತ್ತೆ ಸುಲಿಯುತ್ತೇನೆ. ಸುಲಿದ ತುದಿ ಪಿನ್ನಿನೊಳಗೆ ಹೋದಾಗ ಪಕ್ಕದ ಸಣ್ಣ ತೂತಿನಲ್ಲಿ ತವರದ ಲೇಪದ ತಾಮ್ರದ ಎಳೆಯ ಹೊಳಪು ಕಾಣಬೇಕು. ಕಾಣದಿದ್ದರೆ ವೈರು ತಳ ಮುಟ್ಟಿಲ್ಲ. ಹಿಡಿ ಅದುಮಿದರೆ ನಾಲ್ಕೂ ಕಡೆಯಿಂದ ಹಲ್ಲು ಒಟ್ಟಿಗೆ ಒತ್ತುತ್ತದೆ. ಅರ್ಧಕ್ಕೆ ಕೈಬಿಟ್ಟರೆ ಟೂಲು ಬಿಟ್ಟುಕೊಡುವುದಿಲ್ಲ. ಪೂರ್ತಿ ಒತ್ತಿದ ಮೇಲೇ ಬಾಯಿ ತೆರೆಯುತ್ತದೆ. ನಡುಬೆರಳಿನ ಗೆಣ್ಣು ಮೊದಲ ವಾರ ನೋಯಿತು, ಆಮೇಲೆ ಅಭ್ಯಾಸವಾಯಿತು.

ಟೂಲು ಸರಿ ಇದ್ದರೂ ಮೋಸ ಹೋಗಬಹುದು, ಅದನ್ನೂ ಹೇಳಿಬಿಡುತ್ತೇನೆ. ಎರಡನೇ ವರ್ಷ ಒಂದು ಸಂಜೆ 20 ಗೇಜಿನ ಪವರ್ ವೈರು ಮುಗಿಸಿ, 24 ಗೇಜಿನ ಡೇಟಾ ವೈರಿಗೆ ಬಂದೆ. ಸೆಲೆಕ್ಟರ್ ಬದಲಿಸಲು ಮರೆತೆ. ದಪ್ಪ ವೈರಿನ ಸೆಟ್ಟಿಂಗ್, ಸಣ್ಣ ವೈರು. ಹನ್ನೊಂದು ಪಿನ್ನು ಮಾಡಿದ್ದೆ, ನೋಡಲು ಎಲ್ಲವೂ ಚೆನ್ನಾಗಿಯೇ ಇದ್ದವು. ಹನ್ನೊಂದನೆಯದನ್ನು ಜಗ್ಗಿದೆ. ಬೆಣ್ಣೆಯಿಂದ ಕೂದಲು ಎಳೆದಂತೆ ವೈರು ಬರಿದೇ ಕೈಗೆ ಬಂತು. ಹನ್ನೊಂದನ್ನೂ ಕತ್ತರಿಸಿ ಎಸೆದೆ. ಈಗ ಗೇಜ್ ಬದಲಾದಾಗಲೆಲ್ಲ ಮೊದಲ ಪಿನ್ನನ್ನು ಪರೀಕ್ಷೆಗೇ ಮೀಸಲಿಟ್ಟು ಜೋರಾಗಿ ಎಳೆಯುತ್ತೇನೆ. ಸೆಲೆಕ್ಟರಿಗೆ ಒಂದು ಲಾಕ್ ಕ್ಲಿಪ್ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದು ಇದೆಯಾ ಅಂತ ಕೇಳಿ. ನನ್ನದರಲ್ಲಿ ಇರಲಿಲ್ಲ.

ಕನೆಕ್ಟರಿಗೆ ಸೇರಿಸಲು ಎರಡು ತುದಿಯ ಪುಟ್ಟ ಪ್ಲಾಸ್ಟಿಕ್ ಟೂಲು ಸಾಕು. ಬಣ್ಣದ ತುದಿ ಒಳಗೆ ತಳ್ಳಲು, ಬಿಳಿ ತುದಿ ಹೊರಗೆ ತೆಗೆಯಲು. ಬಿಳಿ ತುದಿ ಬಹಳ ಬೇಗ ಸೀಳುತ್ತದೆ. ಐದಾರು ತಂದಿಡಿ.

ಈ ನಾಲ್ಕು ವರ್ಷದಲ್ಲಿ ಕ್ರಿಂಪರ್ ಕೆಟ್ಟಿಲ್ಲ, ಎಣ್ಣೆ ಕೂಡ ಕೇಳಿಲ್ಲ. ವರ್ಷಕ್ಕೊಮ್ಮೆ ಗೋ/ನೋ-ಗೋ ಗೇಜ್ ಅನ್ನುವ ಅಳತೆಕಡ್ಡಿಯನ್ನು ಟೂಲಿನ ಬಾಯಿಗೆ ತೂರಿಸಿ ನೋಡುತ್ತೇನೆ. ಹಸಿರು ತುದಿ ಹೋಗಬೇಕು, ಕೆಂಪು ಹೋಗಬಾರದು. ಇದುವರೆಗೆ ಹಾಗೇ ಇದೆ. ಬೆಲೆಗೆ ಒಂದು ನಕ್ಷತ್ರ ಕಡಿಮೆ ಕೊಟ್ಟೆ. ಗೆಳೆಯನೊಬ್ಬ ಕಳೆದ ತಿಂಗಳು ಟೂಲು ಸಾಲ ಕೇಳಿದ. ಕೊಟ್ಟಿದ್ದೇನೆ. ಪೊಸಿಷನರ್ ಮಾತ್ರ ನನ್ನ ಹತ್ತಿರವೇ ಇದೆ, ಬಂದು ಕೇಳಲಿ ಅಂತ.