ಲಾಕ್ ಆದ ಫೋನಿಗೆ ಬೇರೆ ಸಿಮ್: ಯಾವ ದಾರಿ ಎಲ್ಲಿಯವರೆಗೆ?

ಒಂದೇ ಆಪರೇಟರ್‌ಗೆ ಲಾಕ್ ಆಗಿರುವ ಫೋನನ್ನು ಬೇರೆ ನೆಟ್‌ವರ್ಕಿನಲ್ಲಿ ಓಡಿಸಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಆಪರೇಟರ್‌ನಿಂದಲೇ ಅನ್‌ಲಾಕ್ ಮಾಡಿಸಬಹುದು, ಹೊರಗಿನವರಿಂದ ಕೋಡ್ ಕೊಳ್ಳಬಹುದು, ಸಿಮ್ಮಿಗೆ ತೆಳ್ಳನೆಯ ಚಿಪ್ ಅಂಟಿಸಬಹುದು, ಇಲ್ಲವೇ ಸಾಫ್ಟ್‌ವೇರ್ ಫ್ಲ್ಯಾಶ್ ಮಾಡಬಹುದು, ಅಂದರೆ ಫೋನಿನೊಳಗಿನ ಸಾಫ್ಟ್‌ವೇರನ್ನೇ ತೆಗೆದು ಬೇರೆಯದನ್ನು ಬರೆಯಬಹುದು. ಬೇರೆ ಬೇರೆ ಫೋನುಗಳಲ್ಲಿ ಈ ನಾಲ್ಕನ್ನೂ ಮಾಡಿ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಕೆಲಸ ಶಾಶ್ವತವಾಗಿ ಮುಗಿಯುವ ಖಾತ್ರಿ ಇರುವುದು ಮೊದಲನೆಯದರಲ್ಲಿ ಮಾತ್ರ. ಹಳೆಯ ಆಂಡ್ರಾಯ್ಡ್ ಫೋನಾದರೆ ಎರಡನೆಯದು ಸಾಕು. ಮೂರನೆಯದು ತಾತ್ಕಾಲಿಕ. ನಾಲ್ಕನೆಯದನ್ನು ನೀವು ದಿನಾ ಬಳಸುವ ಫೋನಿನ ಮೇಲೆ ದಯವಿಟ್ಟು ಮಾಡಬೇಡಿ.

ಲಾಕ್ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದರೆ ಈ ನಾಲ್ಕರ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ಪ್ರತಿ ಸಿಮ್ಮಿನಲ್ಲೂ ಐಎಂಎಸ್‌ಐ ಎಂಬ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿ ದೇಶದ್ದು, ನಂತರದ ಎರಡು ಅಥವಾ ಮೂರು ಅಂಕಿ ಆಪರೇಟರ್‌ನದು. ಲಾಕ್ ಆದ ಫೋನು ಸಿಮ್ ಹಾಕಿದೊಡನೆ ಈ ಐದಾರು ಅಂಕಿ ಓದಿ, ತನ್ನೊಳಗಿನ ಪಟ್ಟಿಯಲ್ಲಿ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ತುರ್ತು ಕರೆ ಬಿಟ್ಟು ಬೇರೇನೂ ನಡೆಯುವುದಿಲ್ಲ. ಕಾರ್ಡೇ ಇಲ್ಲದ, ಫೋನಿನೊಳಗೇ ಇರುವ ಇಸಿಮ್ ಹಾಕಿದರೂ ಇದೇ ಪರೀಕ್ಷೆ.

ಯಾವ ದಾರಿ ಹಿಡಿಯುವ ಮುಂಚೆಯೂ *#06# ಒತ್ತಿ ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಯ ಐಎಂಇಐ ಬರೆದಿಟ್ಟುಕೊಳ್ಳಿ. ಐಫೋನಿನಲ್ಲಾದರೆ ಸೆಟಿಂಗ್ಸ್‌ನ ಜನರಲ್ ಒಳಗೆ ಅಬೌಟ್ ತೆರೆದು ‘ಕ್ಯಾರಿಯರ್ ಲಾಕ್’ ಎಂಬ ಸಾಲು ನೋಡಿ. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಫೋನಿಗೆ ಲಾಕೇ ಇಲ್ಲ, ತೊಂದರೆ ಬೇರೆಲ್ಲೋ ಇದೆ. ಕಳವಾದ ಫೋನೆಂದು ಐಎಂಇಐ ಕಪ್ಪುಪಟ್ಟಿ ಸೇರಿದ್ದರೆ ಯಾವ ಅನ್‌ಲಾಕ್ ಕೂಡ ಅದನ್ನು ತೆಗೆಯುವುದಿಲ್ಲ, ಏಕೆಂದರೆ ಆ ತಡೆ ಇರುವುದು ಫೋನಿನಲ್ಲಲ್ಲ, ನೆಟ್‌ವರ್ಕಿನಲ್ಲಿ. ಐಎಂಇಐ ಬದಲಿಸಿಕೊಡುತ್ತೇವೆ ಎನ್ನುವವರಿಂದ ದೂರ ಇರಿ. ಬ್ರಿಟನ್ನಿನಲ್ಲಿ 2002ರ ಕಾಯ್ದೆಯ ಪ್ರಕಾರವೇ ಅದು ಅಪರಾಧ, ಇನ್ನೂ ಹಲವು ದೇಶಗಳಲ್ಲಿ ಹಾಗೆಯೇ.

ಮೊದಲು ಅಧಿಕೃತ ದಾರಿ. ಆಪರೇಟರ್ ಕೇಳುವುದು ಸಾಮಾನ್ಯವಾಗಿ ಇಷ್ಟೇ: ಫೋನಿನ ಕಂತು ತೀರಿರಬೇಕು, ಬಿಲ್ ಬಾಕಿ ಇರಬಾರದು, ಇಷ್ಟು ಕಾಲ ಅವರ ನೆಟ್‌ವರ್ಕಿನಲ್ಲಿ ಬಳಕೆಯಾಗಿರಬೇಕು, ಕಳವಿನ ದೂರು ಇರಬಾರದು. ಒಪ್ಪಿಗೆ ಸಿಕ್ಕರೆ ಉಳಿದದ್ದು ಬಲು ಸುಲಭ. ಐಫೋನಿಗೆ ಕೋಡೇ ಬೇಡ. ಆಪಲ್‌ನ ಸರ್ವರ್‌ನಲ್ಲಿ ಆ ಐಎಂಇಐ ಎದುರಿನ ದಾಖಲೆ ಬದಲಾಗುತ್ತದೆ, ಹೊಸ ಸಿಮ್ ಹಾಕಿ ವೈಫೈಗೆ ಸೇರಿಸಿದರೆ ಆಯಿತು. ನನ್ನ ಕೈಯಲ್ಲಿದ್ದ ಐಫೋನು ಒಪ್ಪಿಗೆಯ ಸಂದೇಶ ಬಂದ ಮೇಲೂ ‘ಸಿಮ್ ನಾಟ್ ಸಪೋರ್ಟೆಡ್’ ಎಂದು ಹಟ ಹಿಡಿದಿತ್ತು. ಬ್ಯಾಕಪ್ ತೆಗೆದು, ಪೂರ್ತಿ ಅಳಿಸಿ, ಮತ್ತೆ ರಿಸ್ಟೋರ್ ಮಾಡಿದಾಗ ಸರಿಹೋಯಿತು. ಅದಾದ ಮೇಲೆ ಎಷ್ಟು ಅಪ್‌ಡೇಟ್ ಬಂದರೂ, ಫ್ಯಾಕ್ಟರಿ ರೀಸೆಟ್ ಮಾಡಿದರೂ ಲಾಕ್ ಮರಳಿಲ್ಲ. ಉಳಿದ ಮೂರು ದಾರಿಗಳಲ್ಲಿ ಈ ನೆಮ್ಮದಿಯನ್ನು ಅಷ್ಟು ಖಾತ್ರಿಯಾಗಿ ಯಾರೂ ಕೊಡಲಾರರು.

ಕಷ್ಟ ಬರುವುದು ಸೆಕೆಂಡ್‌ಹ್ಯಾಂಡ್ ಫೋನಿನಲ್ಲಿ. ಫೋನು ನಿಮ್ಮದು, ಖಾತೆ ಇನ್ಯಾರದ್ದೋ. ಸಹಾಯವಾಣಿಯವರು ಖಾತೆದಾರರ ಜೊತೆ ಮಾತ್ರ ಮಾತಾಡುತ್ತೇವೆ ಎನ್ನುತ್ತಾರೆ. ಇದರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ: ಪೂರ್ತಿ ಹಣ ಕೊಟ್ಟು ಕೊಂಡ ವಸ್ತುವನ್ನು ಬಳಸಲು ಹಿಂದಿನ ಮಾಲೀಕನ ಅನುಮತಿ ಕಾಯುತ್ತಾ ಕೂರುವುದು ನ್ಯಾಯವಲ್ಲ. ಆದರೂ ಕೆಲವು ಆಪರೇಟರ್‌ಗಳು ಗ್ರಾಹಕರಲ್ಲದವರಿಗೂ ಆನ್‌ಲೈನ್ ಅರ್ಜಿ ಇಟ್ಟಿರುತ್ತಾರೆ, ಅದನ್ನು ಹುಡುಕದೆ ಬಿಡಬೇಡಿ. ಕಾನೂನೂ ನಿಧಾನಕ್ಕೆ ಬಳಕೆದಾರರ ಕಡೆ ವಾಲಿದೆ. ಅಮೆರಿಕದಲ್ಲಿ 2014ರ ಆಗಸ್ಟಿನಲ್ಲಿ ಬಂದ ಕಾಯ್ದೆ ತನ್ನ ಫೋನನ್ನು ಅನ್‌ಲಾಕ್ ಮಾಡಿಕೊಳ್ಳುವ ಹಕ್ಕನ್ನು ಬಳಕೆದಾರರಿಗೆ ಮರಳಿಸಿತು. ಕೆನಡಾ 2017ರ ಡಿಸೆಂಬರ್ 1ರಿಂದ ಹೊಸ ಫೋನುಗಳನ್ನು ಅನ್‌ಲಾಕ್ ಮಾಡಿಯೇ ಮಾರಬೇಕೆಂದಿತು, ಹಳೆಯವಕ್ಕೆ ಶುಲ್ಕ ಕೇಳಬಾರದೆಂದಿತು. ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಲಾಕ್ ಮಾಡಿದ ಫೋನ್ ಮಾರುವುದೇ ನಿಷಿದ್ಧ. ಆದ್ದರಿಂದ ಫೋನು ಯಾವ ದೇಶದ್ದು, ಯಾವ ವರ್ಷದ್ದು ಎಂದು ಮೊದಲು ನೋಡಿ. ಕೇಳಿದ ಮಾತ್ರಕ್ಕೆ ಸಿಗುವುದಕ್ಕೆ ದುಡ್ಡು ಕೊಡುವುದು ಬೇಡ.

ಎರಡನೆಯದು ಕೋಡ್. ಹಳೆಯ ನೋಕಿಯಾ ಕಾಲದಲ್ಲಿ ಐಎಂಇಐನಿಂದಲೇ ಲೆಕ್ಕ ಹಾಕಿ ಕೋಡ್ ತೆಗೆಯಬಹುದಿತ್ತು. ಈಗ ಹಾಗಲ್ಲ, ಕೋಡ್ ತಯಾರಕರ ಅಥವಾ ಆಪರೇಟರ್‌ನ ಡೇಟಾಬೇಸಿನಲ್ಲಿ ಇರುತ್ತದೆ, ಮಾರುವವರು ಹೇಗೋ ಅಲ್ಲಿಂದ ತರಿಸುತ್ತಾರೆ. ನಾನು ಇದನ್ನು ಮಾಡಿದ್ದು ಹಳೆಯ ಸ್ಯಾಮ್‌ಸಂಗ್ ಒಂದರ ಮೇಲೆ. ಹೊಸ ಸಿಮ್ ಹಾಕಿ ಆನ್ ಮಾಡಿದರೆ ‘ನೆಟ್‌ವರ್ಕ್ ಅನ್‌ಲಾಕ್ ಪಿನ್’ ಕೇಳುವ ಪೆಟ್ಟಿಗೆ ತೆರೆದುಕೊಂಡಿತು. ಬಂದ ಸಂದೇಶದಲ್ಲಿ ಎರಡು ಸಂಖ್ಯೆಗಳಿದ್ದವು, ಒಂದು ನೆಟ್‌ವರ್ಕ್ ಕೋಡ್, ಇನ್ನೊಂದು ‘ಅನ್‌ಫ್ರೀಜ್’ ಕೋಡ್. ಎರಡನೆಯದು ಯಾಕೆಂದರೆ, ಪಿನ್ ತಪ್ಪಾಗಿ ಒತ್ತಲು ಸಿಗುವ ಅವಕಾಶಗಳು ಬೆರಳೆಣಿಕೆಯವು. ಅವು ಮುಗಿದರೆ ಫೋನು ಸರಿಯಾದ ಕೋಡನ್ನೂ ಸ್ವೀಕರಿಸದು, ಮೊದಲು ಅನ್‌ಫ್ರೀಜ್ ಕೋಡ್ ಕೊಡಬೇಕು. ಸೆಕೆಂಡ್‌ಹ್ಯಾಂಡ್ ಫೋನಿನಲ್ಲಿ ಹಿಂದಿನವರು ಊಹಿಸಿ ಒತ್ತಿ ಒತ್ತಿ ಅವಕಾಶಗಳನ್ನೆಲ್ಲ ಕಳೆದಿರುವ ಸಾಧ್ಯತೆ ಇದ್ದೇ ಇರುತ್ತದೆ. ಒಂದೊಂದೇ ಅಂಕಿ ನೋಡಿ ಒತ್ತಿದೆ, ಒಂದು ಕ್ಷಣಕ್ಕೆ ಸಿಗ್ನಲ್ ಕಡ್ಡಿಗಳು ಮಾಯವಾಗಿ ಮತ್ತೆ ಮೂಡಿದವು. ಲಾಕ್ ಹೋಯಿತು.

ಹಾಗಂತ ಎಲ್ಲ ಆಂಡ್ರಾಯ್ಡ್‌ಗೂ ಕೋಡ್ ನಡೆಯುವುದಿಲ್ಲ. ಕೆಲವು ಫೋನುಗಳಲ್ಲಿ ಆಪರೇಟರ್‌ನ ಅನ್‌ಲಾಕ್ ಆ್ಯಪ್ ಮೂಲಕ, ಇನ್ನು ಕೆಲವದರಲ್ಲಿ ನೇರವಾಗಿ ಸರ್ವರ್ ಮೂಲಕ ಬೀಗ ತೆಗೆಯುತ್ತದೆ. ಅವುಗಳಲ್ಲಿ ಕೋಡ್ ಒತ್ತುವ ಜಾಗವೇ ಇಲ್ಲ. ಐಫೋನಿಗೆ ‘ಕೋಡ್’ ಮಾರುತ್ತೇವೆ ಎನ್ನುವವರು ಹೇಳುವುದು ಸುಳ್ಳು. ಸರ್ವರ್ ದಾಖಲೆಯನ್ನೇ ಬದಲಿಸಿ ಕೊಡುತ್ತೇವೆ ಎನ್ನುವವರ ಹಿಂದೆ ಏನಿರಬಹುದು ಎಂಬುದಕ್ಕೆ ಅಮೆರಿಕದ ಆಪರೇಟರ್ ಎಟಿ ಅಂಡ್ ಟಿಯ ಪ್ರಕರಣ ನೋಡಿ. ಒಳಗಿನ ನೌಕರರಿಗೆ ಲಂಚ ಕೊಟ್ಟು, ಕಂಪನಿಯ ಕಂಪ್ಯೂಟರುಗಳಿಗೆ ಮಾಲ್‌ವೇರ್ ಹಾಕಿಸಿ, ಸುಮಾರು 19 ಲಕ್ಷ ಫೋನುಗಳನ್ನು ಅಕ್ರಮವಾಗಿ ಅನ್‌ಲಾಕ್ ಮಾಡಿದ ಜಾಲದ ಮುಖ್ಯಸ್ಥನಿಗೆ 2021ರಲ್ಲಿ 12 ವರ್ಷ ಜೈಲಾಯಿತು. ಅಂಥ ಕಡೆಯಿಂದ ಬಂದ ಅನ್‌ಲಾಕ್ ಎಷ್ಟು ದಿನ ನಿಲ್ಲುತ್ತದೋ ಹೇಳಲಾಗದು. ಕೋಡ್ ಮಾರುವವರಿಗೆ ಬೇಕಾಗುವುದು ಐಎಂಇಐ, ಮಾಡೆಲ್, ಆಪರೇಟರ್ ಹೆಸರು. ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಮೂರನೆಯದು ಇಂಟರ್‌ಪೋಸರ್ ಚಿಪ್, ‘ಆರ್‌ಸಿಮ್’, ‘ಟರ್ಬೊ ಸಿಮ್’ ಎಂದೆಲ್ಲ ಕರೆಯುತ್ತಾರೆ. ನ್ಯಾನೊ ಸಿಮ್ಮಿನ ಅಳತೆಯ ಹಾಳೆ, ಎರಡೂ ಬದಿಗೆ ಚಿನ್ನದ ಬಣ್ಣದ ಸಂಪರ್ಕಗಳು, ಅಂಚಿನಲ್ಲಿ ಸಾಸಿವೆಯಷ್ಟು ಕಪ್ಪು ಉಬ್ಬು. ಸಿಮ್ಮಿನ ಕೆಳಗೆ ಸರಿಯಾಗಿ ಹೊಂದಿಸಿ ಟ್ರೇನಲ್ಲಿ ಕೂರಿಸಬೇಕು. ಅದು ಮಾಡುವ ಕೆಲಸ ಜಾಣತನದ್ದು: ಫೋನು ‘ನೀನು ಯಾವ ಆಪರೇಟರ್?’ ಎಂದು ಸಿಮ್ಮನ್ನು ಕೇಳಿದಾಗ ಚಿಪ್ ನಡುವೆ ಬಂದು ಹಳೆಯ ಆಪರೇಟರ್‌ನ ಸಂಖ್ಯೆ ಹೇಳುತ್ತದೆ, ನೆಟ್‌ವರ್ಕಿಗೆ ಸೇರುವ ಹೊತ್ತಿಗೆ ನಿಜವಾದ ಸಿಮ್ಮನ್ನು ಮುಂದೆ ಬಿಡುತ್ತದೆ. ಅಂದರೆ ಲಾಕ್ ಇದ್ದ ಹಾಗೆಯೇ ಇದೆ.

ನನ್ನ ಐಫೋನಿನಲ್ಲಿ ಇದು ಕೆಲಸ ಮಾಡಿತು, ಮೊದಮೊದಲು ಚೆನ್ನಾಗಿಯೇ. ಆಮೇಲೆ ಒಂದೊಂದೇ ಕಾಣಿಸತೊಡಗಿತು. ರೀಸ್ಟಾರ್ಟ್ ಮಾಡಿದಾಗಲೆಲ್ಲ ಸಿಗ್ನಲ್ ಬರಲು ತಡ. ಲಿಫ್ಟ್‌ನಿಂದ ಹೊರಬಂದ ಮೇಲೂ ‘ನೋ ಸರ್ವಿಸ್’, ಏರ್‌ಪ್ಲೇನ್ ಮೋಡ್ ಹಾಕಿ ತೆಗೆದರೆ ಮಾತ್ರ ಜೀವ. ಟ್ರೇ ಹೊರತೆಗೆಯುವಾಗ ಹಾಳೆಯ ಅಂಚು ಒಳಗಿನ ಪಿನ್ನುಗಳಿಗೆ ಸಿಕ್ಕಿಕೊಂಡು ಎದೆ ಝಲ್ಲೆಂದಿತು. ಆ ಪಿನ್ನುಗಳು ಬಾಗಿದರೆ ಯಾವ ಸಿಮ್ಮೂ ನಡೆಯುವುದಿಲ್ಲ. ಕೊನೆಗೆ ಐಒಎಸ್ ಅಪ್‌ಡೇಟ್ ಆದ ಮೇಲೆ ಪೂರ್ತಿ ನಿಂತುಹೋಯಿತು. ಚಿಪ್ ಬಳಸಿಕೊಳ್ಳುವ ದೋಷವನ್ನು ಆಪಲ್ ಮುಚ್ಚುತ್ತದೆ, ಚಿಪ್ ಮಾಡುವವರು ಇನ್ನೊಂದು ಹುಡುಕುತ್ತಾರೆ. 2007ರ ಮೊದಲ ಐಫೋನಿನಿಂದಲೂ ಇದು ನಡೆದೇ ಇದೆ. ಆದರೆ ಅಪ್‌ಡೇಟ್ ಹಾಕದೆ ಕೂತರೆ ಭದ್ರತೆಯ ರಂಧ್ರಗಳನ್ನು ತೆರೆದಿಟ್ಟಂತೆ, ಬ್ಯಾಂಕ್ ಆ್ಯಪ್ ಇರುವ ಫೋನಿಗೆ ಇದು ತರವಲ್ಲ. ಕಂತು ತೀರಲು ಇನ್ನು ಸ್ವಲ್ಪವೇ ಸಮಯ ಇದ್ದು, ಅಲ್ಲಿಯವರೆಗೆ ಕರೆ ಮಾಡಿದರೆ ಸಾಕು ಎನ್ನುವವರಿಗೆ ಮಾತ್ರ ಇದು ಸರಿ.

ಫ್ಲ್ಯಾಶ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬದಿಗಿಟ್ಟಿದ್ದ ಹಳೆಯ ಫೋನಿನ ಮೇಲೆ ಮಾಡಿದೆ, ಲಾಕ್ ಹೋಯಿತು. ಆದರೆ ನೆಟ್‌ವರ್ಕಿನ ಜೊತೆ ಮಾತಾಡುವ ಮೋಡೆಮ್ಮಿನ ದತ್ತಾಂಶ ಇರುವ ಭಾಗವನ್ನು ಮುಟ್ಟುವ ಕೆಲಸವಿದು, ಎಡವಟ್ಟಾದರೆ ಐಎಂಇಐಯೇ ಅಳಿಸಿಹೋಗಬಹುದು. ಸ್ಯಾಮ್‌ಸಂಗ್‌ಗಳಲ್ಲಿ ಅನಧಿಕೃತ ಸಾಫ್ಟ್‌ವೇರ್ ಬೂಟ್ ಮಾಡಿದರೆ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಯ, ಮತ್ತೆ ಸರಿಪಡಿಸಲಾಗದ ಫ್ಯೂಸ್ ಸುಟ್ಟು, ಸ್ಯಾಮ್‌ಸಂಗ್ ಪೇ ಆ ಫೋನಿನಲ್ಲಿ ಮತ್ತೆಂದೂ ನಡೆಯುವುದಿಲ್ಲ. ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಸಾಫ್ಟ್‌ವೇರನ್ನು ಶುರುಮಾಡುವ ಪ್ರೋಗ್ರಾಂ) ಅನ್‌ಲಾಕ್ ಮಾಡಿದರೆ ಸಿಮ್ ಲಾಕ್ ಹೋಗುತ್ತದೆಂದು ಹಲವರು ನಂಬಿದ್ದಾರೆ. ಅವೆರಡೂ ಬೇರೆ ಬೇರೆ ಬೀಗಗಳು.

ಫೋನು ಲಾಕ್ ಮಾಡಿದ ಆಪರೇಟರ್‌ನ ದೇಶದಲ್ಲೇ ಇರುವವರಿಗೆ ಇನ್ನೊಂದು ಉಪಾಯ: ಅದೇ ಆಪರೇಟರ್‌ನ ಟವರ್ ಬಾಡಿಗೆಗೆ ಪಡೆದು ಸೇವೆ ಕೊಡುವ ಅಗ್ಗದ ಕಂಪನಿಯ ಸಿಮ್ ಹಾಕಿ ನೋಡಿ. ಐಎಂಎಸ್‌ಐಯ ಮೊದಲ ಅಂಕಿಗಳು ಒಂದೇ ಆಗಿದ್ದರೆ ಲಾಕ್ ತಕರಾರು ಮಾಡದೇ ಇರಬಹುದು.

ಲಾಕ್ ಹೋದ ಮೇಲೂ ಎರಡು ಕೆಲಸ ಬಾಕಿ. ಇಂಟರ್ನೆಟ್ ಬರದಿದ್ದರೆ ಎಪಿಎನ್ (ಮೊಬೈಲ್ ಇಂಟರ್ನೆಟ್‌ಗೆ ಸೇರಿಸುವ ಸೆಟಿಂಗ್) ಹಳೆಯ ಆಪರೇಟರ್‌ನದೇ ಉಳಿದಿರಬಹುದು, ಹೊಸದನ್ನು ಕೈಯಾರೆ ಹಾಕಿ. ಇದು ಸುಲಭ. ಕಷ್ಟದ್ದು ಬ್ಯಾಂಡ್ (ನೆಟ್‌ವರ್ಕ್ ಬಳಸುವ ತರಂಗಾಂತರದ ಪಟ್ಟಿ) ಮತ್ತು ವೋಲ್ಟಿ (4ಜಿ ಮೂಲಕವೇ ಕರೆ ಮಾಡುವ ವ್ಯವಸ್ಥೆ). ಒಂದು ದೇಶದ ಆಪರೇಟರ್‌ಗಾಗಿ ಮಾಡಿದ ಮಾಡೆಲ್‌ನಲ್ಲಿ ಬ್ಯಾಂಡ್ 13, 71 ಇದ್ದು, ನಿಮ್ಮ ನೆಟ್‌ವರ್ಕಿಗೆ ಬೇಕಾದ 28 ಅಥವಾ 40 ಇಲ್ಲದಿರಬಹುದು. ಆಗ ಬಯಲಿನಲ್ಲಿ ಸಿಗ್ನಲ್ ಇದ್ದರೂ ಮನೆಯೊಳಗೆ ಸೊನ್ನೆ. ಇದನ್ನು ಯಾವ ಕೋಡೂ ಸರಿಪಡಿಸದು. ಮಾಡೆಲ್ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ನೋಡಿ, ತಯಾರಕರ ಪಟ್ಟಿಯ ಜೊತೆ ಹೋಲಿಸಿಕೊಳ್ಳಿ.

ವೋಲ್ಟಿಯ ಗೋಳು ಇನ್ನೂ ಸೂಕ್ಷ್ಮ. ಕೋಡ್ ಹಾಕಿ ಬಿಡಿಸಿಕೊಂಡ ಆ ಸ್ಯಾಮ್‌ಸಂಗ್‌ನಲ್ಲಿ 4ಜಿ ಡೇಟಾ ಸೊಗಸಾಗಿ ಓಡುತ್ತಿತ್ತು, ಆದರೆ ಕರೆ ಒತ್ತಿದರೆ ತಟಕ್ಕನೆ ಕಡಿದುಹೋಗುತ್ತಿತ್ತು. ಹೊಸ ಆಪರೇಟರ್‌ನ ವೋಲ್ಟಿ ಸೆಟಿಂಗ್ ಆ ಫೋನಿನ ಸಾಫ್ಟ್‌ವೇರ್‌ನಲ್ಲಿ ಇರಲೇ ಇಲ್ಲ. ಹಿಂದೆಲ್ಲ ಇಂಥ ಕರೆ 3ಜಿ ಅಥವಾ 2ಜಿಗೆ ಇಳಿದು ಹೋಗುತ್ತಿತ್ತು. ಆ ನೆಟ್‌ವರ್ಕುಗಳು ಮುಚ್ಚಿದ ಕಡೆ ಇಳಿಯಲು ಜಾಗವೇ ಇಲ್ಲ. ಎಟಿ ಅಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿದಾಗ, ಲಾಕ್ ಇಲ್ಲದ, 4ಜಿ ಇರುವ ಎಷ್ಟೋ ಫೋನುಗಳೂ ಅದರ ಒಪ್ಪಿತ ಪಟ್ಟಿಯಲ್ಲಿ ಇಲ್ಲವೆಂಬ ಕಾರಣಕ್ಕೆ ಹೊರಗುಳಿದವು. ಆದ್ದರಿಂದ ಅನ್‌ಲಾಕ್‌ಗೆ ದುಡ್ಡು ಸುರಿಯುವ ಮುಂಚೆ ನಿಮ್ಮ ಆಪರೇಟರ್‌ನ ವೋಲ್ಟಿ ಪಟ್ಟಿಯಲ್ಲಿ ಆ ಮಾಡೆಲ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ವೈಫೈ ಕಾಲಿಂಗ್ ನಡೆಯುತ್ತದೆಯೇ ಎಂದು ಕೇಳಿ. ಅದೂ ಇಲ್ಲವೆಂದರೆ ಆ ಫೋನು ನಿಮ್ಮ ಕೈಯಲ್ಲಿ ಡೇಟಾ ಮಾತ್ರ ನಡೆಯುವ ಸಣ್ಣ ಟ್ಯಾಬ್ಲೆಟ್ ಆಗಿ ಉಳಿಯುತ್ತದೆ.