ವೈನ್ ಕೋಣೆಗೆ ಸ್ಪ್ಲಿಟ್ ಕೂಲಿಂಗ್: ನಾಲ್ಕು ವರ್ಷ ಬಳಸಿದ ಮೇಲೆ

ಇದು ನನ್ನ ಎರಡನೇ ಯಂತ್ರ. ಮೊದಲನೆಯದು ಒಂದೂವರೆ ವರ್ಷಕ್ಕೇ ಕೈಕೊಟ್ಟಿತು. ಪಾಪ, ಅದರ ತಪ್ಪೇನಿಲ್ಲ.

ನನ್ನದು ಸುಮಾರು ಇನ್ನೂರು ಬಾಟಲಿ ಹಿಡಿಸುವ ಸಣ್ಣ ಕೋಣೆ. ಮಾಮೂಲಿ ಎಸಿ ಸಾಕಲ್ಲ ಅಂತ ಮೊದಲು ನನಗೂ ಅನಿಸಿತ್ತು. ಆದರೆ ಅದು ಸಾಮಾನ್ಯವಾಗಿ 16 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ, ವೈನಿಗೆ ಬೇಕಾದದ್ದು 12ರಿಂದ 14. ಜೊತೆಗೆ ಗಾಳಿಯ ತೇವವನ್ನೆಲ್ಲ ಹೀರಿಬಿಡುತ್ತದೆ. ಬಿರಡೆ ಒಣಗಿ ಸಡಿಲವಾದರೆ ಒಳಗೆ ಗಾಳಿ ಸೇರಿತು, ವೈನ್ ಹೋಯಿತು ಅಂತಲೇ ಲೆಕ್ಕ.

ಹಾಗಾಗಿ ಗೋಡೆ ಕೊರೆದು ಕೂರಿಸುವ, ಎಲ್ಲವೂ ಒಂದೇ ಡಬ್ಬಿಯಲ್ಲಿರುವ ಯಂತ್ರ ತಂದೆ. ಅದರ ಬೆನ್ನು ಪಕ್ಕದ ಸಾಮಾನಿನ ಕೋಣೆಗೆ. ಆ ಕೋಣೆಗೆ ಕಿಟಕಿಯೇ ಇಲ್ಲ! ಇಂಥ ಯಂತ್ರ ತನ್ನ ಹಿಂದಿನ ಕೋಣೆಗಿಂತ ಹೆಚ್ಚೆಂದರೆ 15–17 ಡಿಗ್ರಿ ಕೆಳಗೆ ಇಳಿಸಬಲ್ಲದು. ಉಗುಳಿದ ಬಿಸಿಯೆಲ್ಲ ಅಲ್ಲೇ ಸುತ್ತಿ ಸಾಮಾನಿನ ಕೋಣೆ 36 ಮುಟ್ಟಿತು, ವೈನ್ ಕೋಣೆ 20ರಲ್ಲಿ ನಿಂತಿತು. ಕಂಪ್ರೆಸರ್ ಹಗಲೂ ರಾತ್ರಿ ಓಡಿ ಓಡಿ ಸತ್ತಿತು. ಕೂರಿಸಲು ಬಂದವರು ‘ಬಿಸಿ ಎಲ್ಲಿಗೆ ಹೋಗುತ್ತೆ ಸಾರ್’ ಅಂತ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ ಅನ್ನಿ.

ಈಗಿನದು ಸ್ಪ್ಲಿಟ್. ತಣ್ಣಗೆ ಮಾಡುವ ಭಾಗ ಒಳಗೆ, ಬಿಸಿ ಉಗುಳುವ ಭಾಗ ಮನೆಯ ಹೊರಗೆ, ನಡುವೆ ತಾಮ್ರದ ಪೈಪು. ಕೂರಿಸುವುದು ತಲೆನೋವು, ಪೈಪಿನೊಳಗಿನ ಗಾಳಿ ತೆಗೆದು ಗ್ಯಾಸ್ ತುಂಬಲು ಕೆಲಸ ಗೊತ್ತಿದ್ದವರೇ ಬೇಕು. ಆದರೆ ಕೋಣೆಯೊಳಗೆ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಗಲಾಟೆ ಇಲ್ಲ, ಅದುರುವುದೂ ಇಲ್ಲ.

ಅಂಗಡಿಯವರು ಮೊದಲು ಕೇಳುವುದು ‘ಎಷ್ಟು ಬಾಟಲಿ?’ ಆದರೆ ಒಮ್ಮೆ ತಣ್ಣಗಾದ ಬಾಟಲಿ ಸುಮ್ಮನೆ ಮಲಗಿರುತ್ತದೆ, ಅದರಿಂದ ಯಂತ್ರಕ್ಕೆ ಹೊರೆ ಇಲ್ಲ. ಬಿಸಿ ನುಗ್ಗುವುದು ಗೋಡೆ, ಚಾವಣಿ, ಬಾಗಿಲಿನಿಂದ. ಯಂತ್ರದ ಗಾತ್ರವನ್ನು ಅವುಗಳ ಲೆಕ್ಕದಲ್ಲೇ ಆರಿಸಬೇಕು. ತೀರಾ ದೊಡ್ಡದು ತಂದರೂ ಕಷ್ಟ: ಐದು ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ಶುರು.

ಗೋಡೆಯ ವಿಷಯದಲ್ಲೂ ನಾನು ಪೆಟ್ಟು ತಿಂದೆ. ಬಿಸಿ ತಡೆಯುವ ಇನ್ಸುಲೇಶನ್ ಜೊತೆ, ತೇವ ಒಳಗೆ ನುಗ್ಗದಂತೆ ಹಾಕುವ ಪ್ಲಾಸ್ಟಿಕ್ ಹಾಳೆ ಬೆಚ್ಚಗಿನ ಕಡೆ, ಅಂದರೆ ಕೋಣೆಯ ಹೊರಮೈ ಕಡೆ ಬರಬೇಕು. ನಮ್ಮಲ್ಲಿ ಒಳಗಡೆ ಹಾಕಿದ್ದರು. ಎರಡನೇ ಯಂತ್ರಕ್ಕೆಂದು ಗೋಡೆ ಬಿಚ್ಚಿದಾಗ ಇನ್ಸುಲೇಶನ್ನಿಗೆ ತುಂಬಿದ್ದ ಗ್ಲಾಸ್‌ವೂಲ್ (ಗಾಜಿನ ನಾರು) ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು, ಹಿಂಡಿದರೆ ನೀರು. ಎಲ್ಲ ಕಿತ್ತು ಹೊಸದಾಗಿ ಹಾಕಿಸಿದೆ.

ಯಂತ್ರದ ಮೇಲೆ ಕಾಣುವ ಅಂಕಿ ನೋಡಿ ಗಾಬರಿಯಾಗಬೇಡಿ. ಅದು ಗಾಳಿಯ ಉಷ್ಣತೆ, 11.5ಕ್ಕೂ 15ಕ್ಕೂ ನಡುವೆ ಉಯ್ಯಾಲೆ ಆಡುತ್ತಿರುತ್ತದೆ. ನಾನು ಖಾಲಿ ವೈನ್ ಬಾಟಲಿಗೆ ನೀರು ತುಂಬಿ, ಥರ್ಮಾಮೀಟರಿನ ತಂತಿ ಇಳಿಬಿಟ್ಟು ನಡುವಿನ ಸಾಲಿನಲ್ಲಿ ಇಟ್ಟಿದ್ದೇನೆ. ಅದು 13ರಿಂದ ಅರ್ಧ ಡಿಗ್ರಿ ಆಚೀಚೆ ಆಗಿದ್ದೇ ಅಪರೂಪ.

ದೂರುಗಳೂ ಇವೆ. ಒಣ ಹವೆಯ ತಿಂಗಳಲ್ಲಿ ತೇವಾಂಶ 45ಕ್ಕೆ ಇಳಿಯುತ್ತದೆ. 50ರಿಂದ 70 ಇದ್ದರೆ ಚೆನ್ನ. ಬೋಗುಣಿಯಲ್ಲಿ ನೀರಿಟ್ಟು ನೋಡಿದೆ, ಏನೂ ಆಗಲಿಲ್ಲ, ಕೊನೆಗೆ ಸಣ್ಣ ಹ್ಯುಮಿಡಿಫೈಯರ್ ತಂದೆ. ಮಳೆಗಾಲದಲ್ಲಿ ಉಲ್ಟಾ, 80 ದಾಟಿ ನಾಲ್ಕೈದು ಲೇಬಲ್ಲಿಗೆ ಬೂಷ್ಟು ಹಿಡಿಯಿತು. ಎರಡನೇ ವರ್ಷ ಡ್ರೇನ್ ಪೈಪು ಕಟ್ಟಿಕೊಂಡು ರಾತ್ರಿಯಿಡೀ ಕೆಳಸಾಲಿನ ಮೇಲೆ ತೊಟ್ಟಿಕ್ಕಿದೆ. ಬೆಳಗ್ಗೆ ನೋಡಿದರೆ ಆರು ಬಾಟಲಿ ಬೆತ್ತಲೆ, ಲೇಬಲ್ಲುಗಳೆಲ್ಲ ನೆಲದಲ್ಲಿ. ಯಾವುದು ಯಾವ ವೈನ್ ಅಂತ ಇವತ್ತಿಗೂ ತೆರೆದ ಮೇಲೇ ಗೊತ್ತಾಗುವುದು. ಈಗ ಮೂರು ತಿಂಗಳಿಗೊಮ್ಮೆ ಪೈಪಿಗೆ ಬಿಸಿನೀರು ಹೊಯ್ಯುತ್ತೇನೆ, ಹೊರಗಿನ ಭಾಗದ ಕಾಯಿಲ್ (ಪೈಪಿನ ಸುರುಳಿ) ಮೇಲಿನ ಧೂಳೂ ಅವತ್ತೇ ತೆಗೆಯುತ್ತೇನೆ.

ಐವತ್ತು ಬಾಟಲಿಯೊಳಗೆ ಇರುವವರು ಈ ರಗಳೆಗೆ ಬೀಳಬೇಡಿ, ಕಂಪ್ರೆಸರ್ ಇರುವ ವೈನ್ ಫ್ರಿಜ್ ಧಾರಾಳವಾಗಿ ಸಾಕು.

ನನಗೆ ಬಾಕಿ ಇರುವುದು ಬಾಗಿಲು. ಅಂದಕ್ಕೆ ಅಂತ ಒಂಟಿ ಗಾಜು ಹಾಕಿಸಿದ್ದೆ. ಸೆಕೆಯ ದಿನ ಅದರ ಹೊರಮೈ ಪೂರ್ತಿ ಬೆವರುತ್ತದೆ, ಬುಡದಲ್ಲಿ ಹಳೇ ಟವೆಲ್ ಹಾಸಿಟ್ಟಿದ್ದೇನೆ. ಜೋಡಿ ಗಾಜಿಗೆ ಅಳತೆ ಕೊಟ್ಟು ಬಂದಾಗಿದೆ.